ಯೂವರ್ಷನ್ ಬೈಬಲ್ ಆ್ಯಪ್: ಧಾರವಾಡದ ಒಂದು ಸೇವೆಯ ಮನೆಯಿಂದ ವಿಮರ್ಶೆ

ಕನ್ನಡದಲ್ಲಿ ಬೈಬಲ್ ಓದಬೇಕು ಅನ್ನುವವರು ಫೋನಿನಲ್ಲಿ ಮೊದಲು ಹಾಕಿಕೊಳ್ಳಬೇಕಾದದ್ದು ಯೂವರ್ಷನ್‌ನ ಬೈಬಲ್ ಆ್ಯಪ್. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಬರುವುದಿಲ್ಲ. ಕನ್ನಡದ ಹಲವು ಅನುವಾದಗಳು ಒಂದೇ ಕಡೆ ಇವೆ. ಓದುವುದಕ್ಕೂ ಇದೆ, ಕೇಳುವುದಕ್ಕೂ ಇದೆ. ಬೈಬಲ್ ವಾಕ್ಯ ಓದುವ ಮಟ್ಟಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಅದರೊಳಗೆ ಕನ್ನಡದಲ್ಲಿ ಸಿಗುವ, ದಿನಕ್ಕಿಷ್ಟು ಅಂತ ಓದಿಸುವ ರೀಡಿಂಗ್ ಪ್ಲಾನ್‌ಗಳಿಗೆ ಮಾತ್ರ ಎರಡಕ್ಕಿಂತ ಜಾಸ್ತಿ ಕೊಡಲಾರೆ. ಆ ಕೊರತೆಯನ್ನು ತುಂಬಬೇಕಾದವರು ಆ್ಯಪ್ ಮಾಡಿದವರಲ್ಲ, ಕನ್ನಡ ಕ್ರೈಸ್ತರಾದ ನಾವು. ಇದನ್ನು ಬಿಡಿಸಿ ಹೇಳಬೇಕು ಅಂತಲೇ ಬರೆಯಲು ಕುಳಿತಿದ್ದೇನೆ.

ನಾವಿರುವುದು ಧಾರವಾಡದ ಸಪ್ತಾಪುರದ ಹತ್ತಿರ. ನಮ್ಮ ಮನೆಯವರು ಪೂರ್ಣಾವಧಿಯಾಗಿ ಕಾಲೇಜು ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆ ಮಾಡುತ್ತಾರೆ. ಕರ್ನಾಟಕ ಕಾಲೇಜು, ಯುನಿವರ್ಸಿಟಿ, ಕೃಷಿ ವಿಶ್ವವಿದ್ಯಾಲಯ, ಈಗ ಐಐಟಿ ಕೂಡ. ಇದರ ಜೊತೆಗೆ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳಿಗೆ ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದು ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರು. ನಮಗೆ ಸಂಬಳ ಅಂತ ಒಂದು ಕಡೆಯಿಂದ ಬರುವುದಿಲ್ಲ. ಹಿಂದೆ ಗುಂಪಿನಲ್ಲಿದ್ದು ಈಗ ಕೆಲಸಕ್ಕೆ ಸೇರಿರುವ ಹಳೇ ವಿದ್ಯಾರ್ಥಿಗಳು, ಕೆಲವು ಸಭೆಗಳು (ಚರ್ಚ್‌ಗಳು) ತಿಂಗಳು ತಿಂಗಳು ಕೊಡುವುದರಲ್ಲಿ ಮನೆ ನಡೆಯುತ್ತದೆ. ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾ ಸೇವೆಯ ಆನ್‌ಲೈನ್ ಕೆಲಸವನ್ನು ನಾನು ಮಾಡುತ್ತೇನೆ. ವಾಟ್ಸ್‌ಆ್ಯಪ್ ಗುಂಪುಗಳು, ಬುಧವಾರದ ಗೂಗಲ್ ಮೀಟ್ ಬೈಬಲ್ ಸ್ಟಡಿ, ಇನ್‌ಸ್ಟಾಗ್ರಾಂ, ಬೆಂಬಲ ಕೊಡುವವರಿಗೆ ಕಳಿಸುವ ಪ್ರಾರ್ಥನಾ ಪತ್ರ. ಹೀಗಾಗಿ ಈ ಆ್ಯಪ್ ನಮ್ಮ ಮನೆಯಲ್ಲಿ ದಿನವೂ ತೆರೆಯುತ್ತದೆ. ನಮಗೆ ಮಾತ್ರವಲ್ಲ, ನಮ್ಮ ಮನೆಗೆ ಬರುವ ಎಲ್ಲರಿಗೂ ಇದು ಕೆಲಸಕ್ಕೆ ಬೇಕು.

ಕ್ಯಾಂಪಸ್ ಸೇವೆ ಅನ್ನುವುದು ಹೊಸದಲ್ಲ. ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಶುರುವಾದದ್ದು 1912ರಲ್ಲಿ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಬಿಲ್ ಬ್ರೈಟ್ ಮತ್ತು ಅವರ ಹೆಂಡತಿ ವೊನೆಟ್ ಬ್ರೈಟ್ 1951ರಲ್ಲಿ ಅಲ್ಲಿನ ಯುನಿವರ್ಸಿಟಿ ಹುಡುಗರ ಜೊತೆ ಕ್ಯಾಂಪಸ್ ಕ್ರುಸೇಡ್ ಶುರುಮಾಡಿದರು. ನಮ್ಮಲ್ಲಿ ಎಲ್ಲರೂ ಇಯು (ಇವ್ಯಾಂಜೆಲಿಕಲ್ ಯೂನಿಯನ್) ಅಂತ ಕರೆಯುವ ಕ್ರೈಸ್ತ ವಿದ್ಯಾರ್ಥಿ ಗುಂಪುಗಳ ಒಕ್ಕೂಟ ಯುಇಎಸ್‌ಐ 1954ರಲ್ಲಿ ಹುಟ್ಟಿತು. ಮರದ ಕೆಳಗೆ ನಾಲ್ಕು ಜನ ಕೂತು ಒಂದು ಅಧ್ಯಾಯ ಓದುವುದು, ಪ್ರಶ್ನೆ ಕೇಳುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು. ಆಗಲೂ ಇದೇ, ಈಗಲೂ ಇದೇ. ಬದಲಾದದ್ದು ಕೈಯಲ್ಲಿರುವ ಪುಸ್ತಕ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಹಳ್ಳಿಯಿಂದ ಬರುವ ಹುಡುಗನ ಕೈಯಲ್ಲೂ ಡೇಟಾ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಹಾಸ್ಟೆಲ್‌ಗಳು ಖಾಲಿಯಾದಾಗ ಎಲ್ಲರೂ ಊರಿಗೆ ಹೋದರು, ಬೈಬಲ್ ಸ್ಟಡಿ ಫೋನಿಗೆ ಬಂತು. ಅದು ಹಾಗೇ ಉಳಿಯಿತು.

ಈಗ ಆ್ಯಪ್‌ಗೆ ಬರುತ್ತೇನೆ. ಇದನ್ನು ಮಾಡಿದ್ದು ಅಮೆರಿಕದ ಒಕ್ಲಹೋಮಾದ ಲೈಫ್ ಚರ್ಚ್ ಅನ್ನುವ ಸಭೆ. ಅಲ್ಲಿನ ಬಾಬಿ ಗ್ರೂನ್‌ವಾಲ್ಡ್ ಅವರಿಗೆ 2006ರಲ್ಲಿ ಷಿಕಾಗೋದ ಏರ್‌ಪೋರ್ಟ್‌ನಲ್ಲಿ ಸರತಿಯಲ್ಲಿ ನಿಂತಾಗ ಈ ಯೋಚನೆ ಬಂತಂತೆ. ಮೊದಲು ವೆಬ್‌ಸೈಟ್ ಆಗಿ ಬಂದು, 2008ರ ಜುಲೈನಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರ್ ತೆರೆದ ದಿನವೇ ಆ್ಯಪ್ ಆಗಿ ಸಿಕ್ಕಿತು. 2021ರಲ್ಲಿ 50 ಕೋಟಿ ಇನ್‌ಸ್ಟಾಲ್ ದಾಟಿತು. ನಡೆಯುವುದು ಕಾಣಿಕೆಯಿಂದ. ಇಷ್ಟು ದೊಡ್ಡದಾದ ಮೇಲೂ ಒಂದು ಜಾಹೀರಾತು ಹಾಕಿಲ್ಲ ಅನ್ನುವುದನ್ನು ನಾನು ಗೌರವದಿಂದ ನೋಡುತ್ತೇನೆ. ಪ್ಲೇ ಸ್ಟೋರ್‌ನಲ್ಲಿ ಕನ್ನಡ ಬೈಬಲ್ ಅಂತ ಹುಡುಕಿದರೆ ಬರುವ ಬೇರೆ ಕೆಲವು ಆ್ಯಪ್‌ಗಳಲ್ಲಿ ಕೀರ್ತನೆ ಓದುತ್ತಿರುವಾಗಲೇ ರಮ್ಮಿ ಆಟದ ಜಾಹೀರಾತು ಬಂದು ನಿಲ್ಲುತ್ತದೆ. ಹದಿನೆಂಟು ವರ್ಷದ ಹುಡುಗನಿಗೆ ಅಂಥದ್ದನ್ನು ಹಾಕಿಕೋ ಅಂತ ಹೇಳೋಕೆ ಮನಸ್ಸು ಬರುವುದಿಲ್ಲ.

ಕನ್ನಡದ ಮಟ್ಟಿಗೆ ಆ್ಯಪ್‌ನ ದೊಡ್ಡ ಗುಣ ಅನುವಾದಗಳು. ಬೈಬಲ್ ಸೊಸೈಟಿಯ ಹಳೆಯ ಸತ್ಯವೇದವು ಇದೆ, ಜೆ.ವಿ. ಅಂತ ಗುರುತು ಹಾಕಿರುತ್ತಾರೆ. ಅದೇ ಸೊಸೈಟಿಯ ಸಿ.ಎಲ್. ಅನ್ನುವ ಸರಳ ಕನ್ನಡದ್ದೂ ಇದೆ. ಈಸಿ ಟು ರೀಡ್ ಅನ್ನುವ ಪರಿಶುದ್ಧ ಬೈಬಲ್ ಇದೆ. ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಅನ್ನುವ ಹೊಸ ಪರಿಷ್ಕರಣೆ ಇದೆ. ಬಿಬ್ಲಿಕಾ ಅನ್ನುವ ಸಂಸ್ಥೆಯವರ ಸಮಕಾಲಿಕ ಅನುವಾದವೂ ಇದೆ. ಐಆರ್‌ವಿಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಅಂದರೆ ನಮ್ಮ ಪೋಸ್ಟರ್, ರೀಲ್ಸ್, ಹಂಚುವ ಹಾಳೆಗಳಲ್ಲಿ ಮೂಲವನ್ನು ಹೇಳಿ ಬಳಸಬಹುದು. ಆನ್‌ಲೈನ್ ಸೇವೆ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ.

ಶುಕ್ರವಾರ ಸಂಜೆ ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತೇವೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್‌ನವರ ಕಾಲದಿಂದ ಕ್ರೈಸ್ತರಾದ ಮನೆಗಳ ಮಕ್ಕಳು ಜೆ.ವಿ. ತೆಗೆಯುತ್ತಾರೆ. ಅಜ್ಜಿ ಬಾಯಲ್ಲಿ ಕೇಳಿದ ವಾಕ್ಯ ಅದೇ ಮಾತಿನಲ್ಲಿ ಬೇಕು ಅವರಿಗೆ. ಇದೇ ಮೊದಲ ಸಲ ಓದುವವರಿಗೆ ಈಸಿ ಟು ರೀಡ್ ಕೊಡುತ್ತೇವೆ. ಐಐಟಿಯ ಹುಡುಗರು ಇಂಗ್ಲಿಷ್ ಮತ್ತು ಕನ್ನಡವನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಬೇರೆ ಥರ ಕಂಡರೆ ಅಲ್ಲಿಂದಲೇ ಮಾತು ಶುರುವಾಗುತ್ತದೆ. ಮೊದಲಾಗಿದ್ದರೆ ಇದಕ್ಕೆ ಐದು ಬೇರೆ ಬೇರೆ ಪುಸ್ತಕ ಕೊಂಡು ತರಬೇಕಿತ್ತು. 1831ರಲ್ಲಿ ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂತು. ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ವರ್ಷಗಟ್ಟಲೆ ದುಡಿಮೆ ಅದು. ಆಮೇಲೆ ಎಷ್ಟೋ ಜನ ತಿದ್ದಿದರು, ಹೊಸದಾಗಿ ಅನುವಾದಿಸಿದರು. ಅವರೆಲ್ಲರ ಕೆಲಸ ಈಗ ಬೆರಳ ತುದಿಯಲ್ಲಿ ಬದಲಾಗುತ್ತದೆ.

ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದಿದ್ದರೂ ಓದಬಹುದು. ಎಲ್ಲ ಅನುವಾದಕ್ಕೂ ಈ ಸೌಲಭ್ಯ ಇರುವುದಿಲ್ಲ, ಇಳಿಸಿಕೊಳ್ಳುವ ಗುರುತು ಇದೆಯಾ ನೋಡಿಕೊಳ್ಳಿ. ಅಕೌಂಟ್ ಇಲ್ಲದೆಯೂ ಓದಬಹುದು. ಗುರುತು ಹಾಕಿದ್ದು, ಬರೆದಿಟ್ಟದ್ದು ಉಳಿಯಬೇಕು ಅಂದರೆ ಮಾತ್ರ ಅಕೌಂಟ್ ಬೇಕು. ಹಾಸ್ಟೆಲ್ ಹುಡುಗರ ಫೋನಿನಲ್ಲಿ ಜಾಗ ಯಾವಾಗಲೂ ಕಮ್ಮಿ. ಸಿನಿಮಾ ಇಳಿಸಬೇಕಾದಾಗ ಮೊದಲು ಹೋಗುವುದು ಇಂಥ ಆ್ಯಪ್‌ಗಳೇ. ಅಕೌಂಟ್ ಮಾಡಿಟ್ಟುಕೊಂಡಿದ್ದರೆ ಮತ್ತೆ ಹಾಕಿದಾಗ ಎಲ್ಲ ವಾಪಸ್ ಬರುತ್ತದೆ. ಅದಕ್ಕೇ ಹೊಸಬರಿಗೆ ನಾನು ಮೊದಲ ದಿನವೇ ಅಕೌಂಟ್ ಮಾಡಿಸುತ್ತೇನೆ.

ಕೇಳುವ ಬೈಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಅತ್ತೆಯವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತಾಗ ಮೊಮ್ಮಗಳು ಅವರಿಗೆ ಒಂದು ಅಧ್ಯಾಯ ಹಚ್ಚಿಕೊಡುತ್ತಾಳೆ. ವೇಗ ಕಡಿಮೆ ಮಾಡಬಹುದು, ಅದು ಅವರಿಗೆ ಬಹಳ ಹಿಡಿಸಿದೆ. ಕೋಚಿಂಗ್ ಹುಡುಗರಿಗೂ ಇದೇ ಅನುಕೂಲ. ಇಡೀ ದಿನ ಪ್ರಶ್ನೆಪತ್ರಿಕೆ ನೋಡಿ ಕಣ್ಣು ಸೋತಿರುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಕಿವಿಗೆ ಹಾಕಿಕೊಂಡರೆ ಇಳಿಯುವ ಹೊತ್ತಿಗೆ ಮಾರ್ಕನ ಸುವಾರ್ತೆಯ ಒಂದು ಒಳ್ಳೆಯ ಭಾಗ ಮುಗಿದಿರುತ್ತದೆ. ಊರಿನಲ್ಲಿ ನೆಟ್ ಸಿಗದವರು ಆಡಿಯೋವನ್ನೇ ಇಳಿಸಿಟ್ಟುಕೊಳ್ಳಬೇಕು ಅಂದರೆ ಬೈಬಲ್ ಡಾಟ್ ಈಸ್ ಅನ್ನುವ ಇನ್ನೊಂದು ಆ್ಯಪ್ ಇದೆ, ಅದೂ ಉಚಿತ. ತಾಂಡಾಗಳಿಂದ ಬಂದ ಮಕ್ಕಳಿಗೆ ಮನೆಯಲ್ಲಿ ಲಂಬಾಣಿಯಲ್ಲಿ ಕೇಳಿಸಬೇಕು ಅನ್ನಿಸಿದರೆ ಗ್ಲೋಬಲ್ ರೆಕಾರ್ಡಿಂಗ್ಸ್ ನೆಟ್‌ವರ್ಕ್‌ನವರ ಧ್ವನಿ ಕಥೆಗಳನ್ನು ಹುಡುಕಿಕೊಡುತ್ತೇವೆ. 1939ರಿಂದ ಇದೇ ಕೆಲಸ ಮಾಡುತ್ತಿರುವವರು ಅವರು, ಭಾರತದ ಕಚೇರಿ ಬೆಂಗಳೂರಿನಲ್ಲಿದೆ.

ಫೋನಿನಲ್ಲಿ ಬೈಬಲ್ ಇರುವುದರಿಂದ ಒಂದು ಸೂಕ್ಷ್ಮ ವಿಷಯವೂ ಬರುತ್ತದೆ. ನಮ್ಮ ಮನೆಗೆ ಬರುವವರು ಎಲ್ಲರೂ ಕ್ರೈಸ್ತರಲ್ಲ. ಗೆಳೆಯರ ಜೊತೆ ಬಂದು, ಹಾಡು ಇಷ್ಟವಾಗಿ, ಒಂದು ಪ್ರಶ್ನೆ ಇಟ್ಟುಕೊಂಡು ಮತ್ತೆ ಬರುವವರಿದ್ದಾರೆ. ಕೇಳಿದವರಿಗೆ ಆ್ಯಪ್ ತೋರಿಸುತ್ತೇವೆ, ಕೇಳದವರ ಫೋನ್ ಮುಟ್ಟುವುದಿಲ್ಲ. ಮನೆಯವರಿಂದ ಮುಚ್ಚಿಟ್ಟು ಓದಿ ಅಂತ ಯಾರಿಗೂ ಹೇಳುವುದಿಲ್ಲ. ನಮ್ಮ ಮನೆಯವರು ಈ ವಿಷಯದಲ್ಲಿ ಬಹಳ ಗಟ್ಟಿ. "ಅಪ್ಪ ಅವ್ವಗ ಹೇಳಿಯೇನಪಾ? ಮೊದಲ ಅವರ ಜೋಡಿ ಮಾತಾಡು" ಅಂತಲೇ ಶುರುಮಾಡುತ್ತಾರೆ. ಆ್ಯಪ್ ಗುಟ್ಟಾಗಿ ಇಟ್ಟುಕೊಳ್ಳೋಕೆ ಸುಲಭ ಅನ್ನುವುದು ನಿಜ. ನಂಬಿಕೆ ಗುಟ್ಟಿನಲ್ಲಿ ಬೆಳೆಯುವುದಕ್ಕಿಂತ ತಂದೆ ತಾಯಿಯ ಮುಂದೆ ಕೂತು ಮಾತಾಡಿ ಬೆಳೆಯುವುದು ಒಳ್ಳೆಯದು ಅಂತ ನಾವು ನಂಬಿದ್ದೇವೆ. ಹಾಗೆ ಮಾತಾಡಿದ ಮೇಲೆ ಕೆಲವರ ಅಪ್ಪಂದಿರು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಿದ್ದಾರೆ. ಕೆಲವರು ಬೇಡ ಅಂದಿದ್ದಾರೆ. ಬೇಡ ಅಂದವರ ಮಕ್ಕಳಿಗೆ ನಾವು ಈಗಲೂ ಅಣ್ಣ ಅಕ್ಕನೇ. ಪರೀಕ್ಷೆ ಫೀಸಿನ ಗಡಿಬಿಡಿ ಇದ್ದರೆ ಫೋನ್ ಮಾಡುತ್ತಾರೆ, ನಮ್ಮ ಕೈಲಾದಷ್ಟು ಮಾಡುತ್ತೇವೆ.

ದಿನದ ವಚನ ಈ ಆ್ಯಪ್‌ನ ಅತಿ ಜನಪ್ರಿಯ ಭಾಗ. ಬೆಳಿಗ್ಗೆ ಒಂದು ವಚನ ಬರುತ್ತದೆ, ಚಿತ್ರದ ಮೇಲೆ ಹಾಕಿ ಸ್ಟೇಟಸ್‌ಗೆ ಹಚ್ಚಬಹುದು. ವರ್ಷದ ಕೊನೆಗೆ ಲೋಕದಲ್ಲೆಲ್ಲ ಜನ ಅತಿ ಹೆಚ್ಚು ಹಂಚಿದ, ಗುರುತು ಹಾಕಿದ ವಚನ ಯಾವುದು ಅಂತ ಯೂವರ್ಷನ್ ಹೇಳುತ್ತದೆ. 2018ರಲ್ಲೂ 2020ರಲ್ಲೂ ಯೆಶಾಯ 41:10 ಬಂತು, ಭಯಪಡಬೇಡ ಅನ್ನುವ ವಚನ. 2019ರಲ್ಲೂ 2024ರಲ್ಲೂ ಫಿಲಿಪ್ಪಿಯವರಿಗೆ 4:6 ಬಂತು, ಚಿಂತೆ ಮಾಡಬೇಡಿ ಅನ್ನುವುದು. ಇದನ್ನು ನೋಡಿದಾಗ ನನಗೆ ನಮ್ಮ ಪಿಜಿ ಹುಡುಗಿಯರೇ ಕಣ್ಣ ಮುಂದೆ ಬರುತ್ತಾರೆ. ಅಮೆರಿಕದಲ್ಲಿರುವವರಿಗೂ ಸಪ್ತಾಪುರದಲ್ಲಿರುವವರಿಗೂ ಬೇಕಾಗಿರುವುದು ಒಂದೇ. ಭಯ ಹೋಗಬೇಕು, ಚಿಂತೆ ಕಡಿಮೆಯಾಗಬೇಕು.

ಆದರೆ ವಚನ ಒಂಟಿಯಾಗಿ ಬಂದರೆ ಅರ್ಧವೇ ಕೇಳಿಸುತ್ತದೆ ಅಂತ ನನ್ನ ಅಭಿಪ್ರಾಯ. ಯೆಶಾಯನ ಆ ಮಾತು ದೇಶ ಕಳೆದುಕೊಂಡ ಒಂದು ಇಡೀ ಜನಾಂಗಕ್ಕೆ ಹೇಳಿದ್ದು. ದೇವರು ನಮ್ಮನ್ನು ಮರೆತೇಬಿಟ್ಟನಾ ಅಂತ ಕೇಳುತ್ತಿದ್ದವರಿಗೆ ಹೇಳಿದ್ದು. ಹಿಂದಿನ 40ನೇ ಅಧ್ಯಾಯದಿಂದ ಓದಿಕೊಂಡು ಬಂದರೆ ಆ ವಚನದ ತೂಕವೇ ಬೇರೆ. ಸ್ಟೇಟಸ್‌ಗೆ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಹಾಕುತ್ತೇನೆ. ಹಾಕುವ ಮುಂಚೆ ಆ ವಚನವನ್ನು ಒತ್ತಿ, ಅಧ್ಯಾಯ ತೆರೆದು, ಪೂರ್ತಿ ಓದಿ. ಆ್ಯಪ್‌ನಲ್ಲಿ ಅದಕ್ಕೆ ಬೇಕಿರುವುದು ಒಂದು ಒತ್ತು ಮಾತ್ರ.

ಇನ್ನು ಪ್ಲಾನ್‌ಗಳ ಮಾತು. ರೀಡಿಂಗ್ ಪ್ಲಾನ್ ಅಂದರೆ ಮೂರು ದಿನ, ಏಳು ದಿನ, ಇಪ್ಪತ್ತೊಂದು ದಿನ ಹೀಗೆ ದಿನಕ್ಕೊಂದು ಸಣ್ಣ ಬರಹ, ಜೊತೆಗೆ ಓದಬೇಕಾದ ವಾಕ್ಯಭಾಗ. ಬಹುತೇಕ ಪ್ಲಾನ್‌ಗಳನ್ನು ಬೇರೆ ಬೇರೆ ಸಭೆಗಳು, ಸಂಸ್ಥೆಗಳು, ಲೇಖಕರು ಬರೆದುಕೊಡುತ್ತಾರೆ, ಯೂವರ್ಷನ್ ಅದಕ್ಕೆ ಜಾಗ ಕೊಡುತ್ತದೆ. ಇಂಗ್ಲಿಷ್‌ನಲ್ಲಿ ರಾಶಿ ರಾಶಿ ಇವೆ. ಕನ್ನಡದಲ್ಲಿ ಇರುವವುಗಳಲ್ಲಿ ಹೆಚ್ಚಿನವು ಬೇರೆ ದೇಶದಲ್ಲಿ ಬರೆದದ್ದರ ಕನ್ನಡ ರೂಪ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ಓದುತ್ತಾ ಹೋದರೆ ಹಿಮ ಬಿದ್ದ ಅಂಗಳ ಬರುತ್ತದೆ, ಕಾರಿನ ಸಾಲ ಬರುತ್ತದೆ, ವಾರಾಂತ್ಯದ ಕ್ಯಾಂಪಿಂಗ್ ಬರುತ್ತದೆ. ಕಾಯುವುದರ ಬಗ್ಗೆ ಇರುವ ಪ್ಲಾನ್‌ನಲ್ಲಿ ಲೇಖಕರು ಪ್ರಮೋಷನ್‌ಗಾಗಿ ಕಾಯುತ್ತಿರುತ್ತಾರೆ. ಒಂಟಿತನದ ಪ್ಲಾನ್‌ನಲ್ಲಿ ಇಪ್ಪತ್ತು ವರ್ಷದವರು ತಮ್ಮದೇ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರೇ ಇರುತ್ತಾರೆ. ನಮ್ಮ ಹುಡುಗಿಯರು ಒಂದು ರೂಮಿನಲ್ಲಿ ಆರು ಜನ ಇದ್ದಾರೆ, ಅವರಿಗೂ ಒಂಟಿತನ ಇದೆ. ಆ ಒಂಟಿತನದ ಬಣ್ಣ ಬೇರೆ.

ನಮ್ಮ ಊರಿನಲ್ಲಿ ಕಾಯುವುದು ಅಂದರೆ ಏನು ಅಂತ ಹೇಳುತ್ತೇನೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಗೆ ಬಂದು 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಈ ನಡುವೆ ಸಪ್ತಾಪುರದ ಪಿಜಿಗಳಲ್ಲಿ ಇದ್ದವರನ್ನು ನಾವು ದಿನವೂ ನೋಡಿದ್ದೇವೆ. ಹೊಲ ಅಡವಿಟ್ಟು ಕಳಿಸಿದ ಅಪ್ಪ ಊರಲ್ಲಿ. ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿ ಹೆಸರು ಬಂದವರೂ ಇದ್ದರು, ತಪ್ಪು ಮಾಡಿದವರ ಜೊತೆ ಅವರದ್ದೂ ಹೋಯಿತು. ಮತ್ತೆ ಓದಬೇಕು, ಮತ್ತೆ ಬಾಡಿಗೆ ಕಟ್ಟಬೇಕು, ವಯಸ್ಸು ನಿಲ್ಲುವುದಿಲ್ಲ. ಮನೆಯಲ್ಲಿ ತಂಗಿಯ ಮದುವೆ ಮಾತು ನಡೆಯುತ್ತಿರುತ್ತದೆ.

ಆ ಏಪ್ರಿಲ್‌ನ ಒಂದು ಶುಕ್ರವಾರ ಹುಡುಗರು ಬಂದು ಸುಮ್ನೆ ಕೂತರು. ಯಾರೂ ಹಾಡು ಎತ್ತಲಿಲ್ಲ. ನಾನು ಗಿರ್ಮಿಟ್ ಮಾಡಿಟ್ಟಿದ್ದೆ, ಅದನ್ನೂ ಮುಟ್ಟಲಿಲ್ಲ. ಕಾಯುವುದರ ಬಗ್ಗೆ ಕನ್ನಡದಲ್ಲಿ ಪ್ಲಾನ್ ಏನಾದರೂ ಇದೆಯಾ ಅಂತ ನಾನು ಅಡುಗೆಮನೆಯಲ್ಲಿ ನಿಂತು ಹುಡುಕಿದೆ. ಸಿಕ್ಕಿದ್ದು ಯಾವುದೂ ಆ ಕೋಣೆಯಲ್ಲಿ ಓದುವಂಥದ್ದಾಗಿರಲಿಲ್ಲ. ನಮ್ಮ ಮನೆಯವರು ಪ್ಲಾನ್ ಬಿಟ್ಟು ಹಬಕ್ಕೂಕನ ಪುಸ್ತಕ ತೆರೆಯೋಣ ಅಂದರು. ಮೂರೇ ಅಧ್ಯಾಯ. ಎಷ್ಟು ದಿನ ಅಂತ ಕೂಗಬೇಕು, ನ್ಯಾಯ ಯಾಕೆ ಸೊಟ್ಟಗೆ ನಡೆಯುತ್ತಿದೆ ಅಂತ ಪ್ರವಾದಿ ದೇವರನ್ನೇ ಕೇಳುತ್ತಾನೆ. ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಿಂದ, ತಮ್ಮ ತಮ್ಮ ಅನುವಾದದಿಂದ ಒಂದೊಂದು ಭಾಗ ಓದಿದರು. ಎರಡನೇ ಅಧ್ಯಾಯದ ಹತ್ತಿರ ಬಂದಾಗ ಕೊಪ್ಪಳದ ಕಡೆಯ ಒಬ್ಬ ಹುಡುಗ ಓದುವುದನ್ನು ನಿಲ್ಲಿಸಿ, "ಸರ್, ದೇವರ ಮುಂದ ಹಿಂಗ ಸಿಟ್ಟಿಲೇ ಮಾತಾಡಬಹುದೇನ್ರಿ?" ಅಂತ ಕೇಳಿದ. ಬಹುದು, ಪುಸ್ತಕದಲ್ಲೇ ಬರೆದಿದೆಯಲ್ಲ, ಅಂತ ಇವರು ಅಂದರು. ಆಮೇಲೆ ಮಾತು ಶುರುವಾದದ್ದು ರಾತ್ರಿ ಊಟದ ತನಕ ನಿಲ್ಲಲಿಲ್ಲ. ಅಂಜೂರದ ಮರ ಚಿಗುರದಿದ್ದರೂ ಅನ್ನುವ ಮೂರನೇ ಅಧ್ಯಾಯದ ಕೊನೆಯನ್ನು ಮೂವರು ಮೂರು ಅನುವಾದಗಳಲ್ಲಿ ಓದಿದರು.

ಆ ಸಂಜೆ ನನಗೆ ಎರಡು ವಿಷಯ ಸ್ಪಷ್ಟವಾದವು. ಆ್ಯಪ್ ಕೊಟ್ಟ ವಾಕ್ಯ ಅವರ ಬದುಕಿನ ಮಧ್ಯಕ್ಕೆ ನೇರವಾಗಿ ಬಂತು. ವಾಕ್ಯದ ಜೊತೆ ನಡೆದುಬರಬೇಕಾದ ಬರಹ ಮಾತ್ರ ನಮ್ಮ ಕಡೆಯಿಂದ ಯಾರೂ ಬರೆದಿಲ್ಲ. ಬೈಬಲ್ ಕನ್ನಡಕ್ಕೆ ಬಂದು ಹತ್ತಿರ ಇನ್ನೂರು ವರ್ಷವಾಯಿತು. ಅದನ್ನು ಹಿಡಿದು ಇಲ್ಲಿನ ಹೊಲ, ಇಲ್ಲಿನ ಜಾತಿ, ಇಲ್ಲಿನ ಪರೀಕ್ಷೆ, ಇಲ್ಲಿನ ಸಾಲ, ಇಲ್ಲಿನ ಅಪ್ಪ ಅವ್ವನ ಬಗ್ಗೆ ಬರೆಯುವವರು ಫೋನಿನೊಳಗೆ ಕಾಣುತ್ತಿಲ್ಲ.

ಹಿಂದಿನವರು ಹೀಗೆ ಬಿಟ್ಟಿರಲಿಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಇಟ್ಟರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ತಂದರು, ಅದು ಕನ್ನಡದ ಮೊದಲ ಪತ್ರಿಕೆ. ಫರ್ಡಿನೆಂಡ್ ಕಿಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅವರು 1862ರಲ್ಲೇ ಕಥಾಮಾಲೆ ಅನ್ನುವ ಪುಸ್ತಕ ಬರೆದಿದ್ದರು. ಯೇಸುವಿನ ಜೀವನವನ್ನು ಕನ್ನಡದ ಪದ್ಯದಲ್ಲಿ, ಇಲ್ಲಿನ ಛಂದಸ್ಸಿನಲ್ಲಿ ಹೇಳಿದರು. ಜರ್ಮನಿಯಿಂದ ಬಂದ ಒಬ್ಬ ಮನುಷ್ಯ ಇಲ್ಲಿನ ಜನ ಹೇಗೆ ಹಾಡುತ್ತಾರೆ, ಹೇಗೆ ಕಥೆ ಕೇಳುತ್ತಾರೆ ಅಂತ ಮೊದಲು ಕಲಿತು ಆಮೇಲೆ ಬರೆದ. ಇಲ್ಲೇ ಹುಟ್ಟಿ ಬೆಳೆದ ನಾವು ಅದಕ್ಕಿಂತ ಕಡಿಮೆ ಮಾಡಿದರೆ ಹೇಗೆ?

ಕನ್ನಡದಲ್ಲಿ ಒಳ್ಳೆಯ ಬರಹ ಇಲ್ಲವೇ ಇಲ್ಲ ಅಂತಲ್ಲ. ಹಳೆಯ ಅಯ್ಯನವರುಗಳ (ಪಾಸ್ಟರ್‌ಗಳ) ಪ್ರಸಂಗಗಳು, ಸಭೆಯ ಮಾಸಪತ್ರಿಕೆಗಳು, ಬೈಬಲ್ ಸ್ಟಡಿ ಪುಸ್ತಿಕೆಗಳು ಪೆಟ್ಟಿಗೆಗಳಲ್ಲಿ ಬಿದ್ದಿವೆ. ಕಂಪ್ಯೂಟರ್‌ಗೆ ಬಂದವುಗಳಲ್ಲೂ ಬಹಳಷ್ಟು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಯೂನಿಕೋಡ್ ಅಲ್ಲದ್ದರಿಂದ ಫೋನಿಗೆ ಹಾಕಿದರೆ ಅಕ್ಷರಗಳೆಲ್ಲ ಗೋಜಲಾಗುತ್ತವೆ. ಅವನ್ನು ಬದಲಾಯಿಸಬೇಕು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು. ನಮ್ಮ ಗುಂಪಿನ ಇಬ್ಬರು ಹುಡುಗಿಯರು ಸೆಮಿಸ್ಟರ್ ರಜೆಯಲ್ಲಿ ಈ ಕೆಲಸ ಮಾಡುತ್ತಾರೆ. ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಇದು ಚಂದದ ಸೇವೆ. ವೇದಿಕೆಯ ಮೇಲೆ ಮಾತಾಡಲು ಬಾರದವರೂ ಮಾಡಬಹುದು.

ಹೊಸದಾಗಿ ಬರೆದು ಯೂವರ್ಷನ್‌ಗೆ ಹಾಕಬೇಕು ಅಂದರೆ ಯಾರೋ ಒಬ್ಬರು ಸುಮ್ನೆ ಹೋಗಿ ಹಾಕುವಂತಿಲ್ಲ. ಒಂದು ಸಭೆಯೋ ಸಂಸ್ಥೆಯೋ ಪಾಲುದಾರರಾಗಿ ಮುಂದೆ ಬರಬೇಕು. ಇದು ಸರಿಯಾದ ನಿಯಮವೇ, ಇಲ್ಲದಿದ್ದರೆ ಯಾರು ಏನು ಬೇಕಾದರೂ ಬರೆದು ದೇವರ ಹೆಸರು ಹಾಕುತ್ತಿದ್ದರು. ಹಾಗಾಗಿ ನನ್ನ ಮನವಿ ಕರ್ನಾಟಕದ ಸಭೆಗಳಿಗೆ, ಬೈಬಲ್ ಕಾಲೇಜುಗಳಿಗೆ. ದೊಡ್ಡ ಪರದೆ, ಲೈಟು, ಲೈವ್ ಸ್ಟ್ರೀಮ್‌ಗೆ ಖರ್ಚು ಮಾಡುವುದರಲ್ಲಿ ಸ್ವಲ್ಪವನ್ನು ಇಬ್ಬರು ಮೂವರು ಬರಹಗಾರರಿಗೆ ಕೊಡಿ. ಅವರಿಗೆ ಒಂದು ವರ್ಷ ಸಮಯ ಕೊಡಿ. ಹುಬ್ಬಳ್ಳಿ ಕನ್ನಡ, ಮಂಗಳೂರು ಕನ್ನಡ, ಮೈಸೂರು ಕಡೆಯದ್ದು, ಎಲ್ಲ ಕಡೆಯವರು ಬರೆಯಲಿ.

ಆ್ಯಪ್‌ನೊಳಗೆ ಗೆಳೆಯರನ್ನು ಸೇರಿಸಿಕೊಂಡು ಒಂದೇ ಪ್ಲಾನ್ ಜೊತೆಯಾಗಿ ಓದುವ ವ್ಯವಸ್ಥೆಯೂ ಇದೆ. ಒಳ್ಳೆಯದೇ. ನಮ್ಮ ಮಕ್ಕಳು ಮಾತ್ರ ಓದುವುದು ಅಲ್ಲಿ, ಮಾತಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ಎಲ್ಲರೂ ಆಗಲೇ ಇರುವ ಜಾಗ ಅದು, ಧ್ವನಿ ಸಂದೇಶ ಕಳಿಸಬಹುದು. ಟೈಪ್ ಮಾಡಲು ಹಿಂಜರಿಯುವವರು ಎರಡು ನಿಮಿಷ ಮಾತಾಡಿ ಕಳಿಸುತ್ತಾರೆ, ಅದರಲ್ಲಿ ಮನಸ್ಸು ಜಾಸ್ತಿ ತೆರೆಯುತ್ತದೆ. ಪ್ರಾರ್ಥನೆಯ ಪಟ್ಟಿ ಇಟ್ಟುಕೊಳ್ಳುವ ಭಾಗ ನನಗೆ ಇಷ್ಟ. ಒಬ್ಬೊಬ್ಬರ ಹೆಸರಿನ ಮುಂದೆ ಸಪ್ಲಿಮೆಂಟರಿ, ಇಂಟರ್ವ್ಯೂ, ಅವ್ವನ ಆಪರೇಷನ್ ಅಂತ ಬರೆದಿಡುತ್ತೇನೆ.

ಸೇವೆಯ ಮನೆಗಳವರಿಗೆ ಒಂದು ಮಾತು. ಫೋನಿನಲ್ಲಿ ಸೇವೆ ಅಂದರೆ ಬಾಗಿಲು ಹಾಕದ ಮನೆಯ ಹಾಗೆ. ರಾತ್ರಿ ಹನ್ನೊಂದಕ್ಕೆ ಒಬ್ಬಳು ಅಳುತ್ತಾ ಮೆಸೇಜ್ ಮಾಡುತ್ತಾಳೆ, ಅದನ್ನು ನೋಡದೆ ಮಲಗಲು ಆಗುವುದಿಲ್ಲ. ಇತ್ತ ಮಕ್ಕಳು ಅಮ್ಮ ಫೋನ್ ಬಿಡು ಅನ್ನುತ್ತಾರೆ. ನಾವು ಊಟದ ಹೊತ್ತಿಗೆ ಎರಡೂ ಫೋನ್ ಬೇರೆ ಕೋಣೆಯಲ್ಲಿ ಇಡುತ್ತೇವೆ. ಮನೆಯ ಪ್ರಾರ್ಥನೆಯಲ್ಲಿ ಫೋನ್ ತೆಗೆಯುವುದಿಲ್ಲ, ಅಚ್ಚಾದ ಬೈಬಲನ್ನೇ ಮಕ್ಕಳ ಕೈಗೆ ಕೊಡುತ್ತೇವೆ. ಮಕ್ಕಳಿಗೆ ನಾವು ಫೋನ್ ನೋಡುತ್ತಿರುವುದು ಕಾಣುತ್ತದೆ, ಫೋನಿನಲ್ಲಿ ಬೈಬಲ್ ಇದೆಯೋ ಇನ್‌ಸ್ಟಾಗ್ರಾಂ ಇದೆಯೋ ಅನ್ನುವುದು ಕಾಣುವುದಿಲ್ಲ. ಪುಸ್ತಕ ಹಿಡಿದರೆ ಏನು ಓದುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗುತ್ತದೆ. ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಪುಸ್ತಕ ಮನೆಯಲ್ಲಿರಲಿ. ಬೈಬಲ್ ಸೊಸೈಟಿಯ ಕನ್ನಡ ಬೈಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹಾಕಿಕೊಳ್ಳುವವರು ಹೀಗೆ ಮಾಡಿ. ಮೊದಲು ಆ್ಯಪ್‌ನ ಭಾಷೆಯನ್ನು ಕನ್ನಡ ಮಾಡಿ, ಆಗ ಪ್ಲಾನ್‌ಗಳೂ ಕನ್ನಡದವು ಮೊದಲು ಕಾಣುತ್ತವೆ. ಎರಡು ಅನುವಾದ ಇಟ್ಟುಕೊಳ್ಳಿ, ಒಂದು ಹಳೆಯದು, ಒಂದು ಸರಳವಾದದ್ದು. ದಿನದ ವಚನದ ನೋಟಿಫಿಕೇಷನ್ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿ. ಎಷ್ಟು ದಿನ ಸತತವಾಗಿ ಓದಿದಿರಿ ಅಂತ ಲೆಕ್ಕ ತೋರಿಸುತ್ತದೆ, ಅದು ಕೆಲವರಿಗೆ ಹುರುಪು ಕೊಡುತ್ತದೆ. ಪರೀಕ್ಷೆಯ ಒತ್ತಡದಲ್ಲಿರುವವರು ಅದರ ಕಡೆ ನೋಡುವುದೇ ಬೇಡ. ಒಂದು ದಿನ ತಪ್ಪಿದರೆ ದೇವರು ಲೆಕ್ಕ ಇಡುವುದಿಲ್ಲ ಅಂತ ನಾನು ಹುಡುಗಿಯರಿಗೆ ಹೇಳುತ್ತೇನೆ. ಹೊಸಬರು ಪ್ಲಾನ್‌ನಿಂದ ಶುರುಮಾಡಬೇಡಿ, ಮಾರ್ಕನ ಸುವಾರ್ತೆಯಿಂದ ಶುರುಮಾಡ್ರಿ. ಹದಿನಾರು ಅಧ್ಯಾಯ, ದಿನಕ್ಕೊಂದು.

ನಮ್ಮ ಮಟ್ಟಿಗೆ ನಾವು ಸಣ್ಣದಾಗಿ ಬರೆಯಲು ಶುರುಮಾಡಿದ್ದೇವೆ. ಹಬಕ್ಕೂಕನ ಮೇಲೆ ಏಳು ದಿನದ ಓದು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದೆವು, ಆ ಸಂಜೆ ಹುಡುಗರು ಕೇಳಿದ ಪ್ರಶ್ನೆಗಳೇ ಅದರ ಬೆನ್ನೆಲುಬು. ಈಗ ನಾನು ರೂತಳ ಪುಸ್ತಕದ ಮೇಲೆ ಬರೆಯುತ್ತಿದ್ದೇನೆ. ಬರ ಬಿದ್ದು ಒಂದು ಕುಟುಂಬ ಊರು ಬಿಟ್ಟು ಗುಳೆ ಹೋಗುತ್ತದೆ, ಅಲ್ಲೇ ಗಂಡಸರು ಸಾಯುತ್ತಾರೆ, ಅತ್ತೆ ಸೊಸೆ ಬರಿಗೈಲಿ ವಾಪಸ್ ಬರುತ್ತಾರೆ, ಸೊಸೆ ಬೇರೆಯವರ ಹೊಲದಲ್ಲಿ ತೆನೆ ಆರಿಸಲು ಹೋಗುತ್ತಾಳೆ. ಅಪ್ಪ ಅವ್ವ ಗೋವಾಕ್ಕೆ ದುಡಿಯಲು ಹೋಗಿ, ಅಜ್ಜಿಯ ಹತ್ತಿರ ಬೆಳೆದ ಹುಡುಗಿಯರು ನಮ್ಮ ಗುಂಪಿನಲ್ಲೇ ಇದ್ದಾರೆ. ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಡುತ್ತೇನೆ. ಅವರು ತಿದ್ದಿದ ಮೇಲೆಯೇ ಉಳಿದವರಿಗೆ.